ಬಾಯಿ ವಾಸನೆ: ಕೊನೆಗೂ ಕೆಲಸ ಮಾಡಿದ ಕ್ರಮ

ಹಲ್ಲುಜ್ಜಿ ಸ್ವಲ್ಪ ಹೊತ್ತಿಗೇ ಬಾಯಿ ಮತ್ತೆ ನಾರುತ್ತಿತ್ತು, ಥೇಟ್ ಕೊಳೆತ ಮೊಟ್ಟೆ. ಹಲ್ಲಿನ ಡಾಕ್ಟರ್ ಹುಳುಕಿಲ್ಲ, ವಸಡೂ ಸರಿಯಾಗಿದೆ ಎಂದರು.

ಪುದೀನಾ ಗುಳಿಗೆ, ಚೂಯಿಂಗ್ ಗಮ್ ಸುಮ್ನೆ ವಾಸನೆ ಮುಚ್ಚುತ್ತವೆ, ಅಷ್ಟೇ. ಆಲ್ಕೋಹಾಲ್ ಇರುವ ಮೌತ್‌ವಾಶ್‌ನಿಂದ ಬಾಯಿ ಒಣಗಿತು. ಅಸಿಡಿಟಿ ಮಾತ್ರೆಯಿಂದ ಏನೂ ಆಗಲಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ 0.2% ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್‌ನಿಂದ ವಾಸನೆ ಹೋಯಿತು, ಆದರೆ ಹಲ್ಲಿಗೆ ಕಂದು ಕಲೆ ಬಂತು, ರುಚಿ ಕೆಟ್ಟಿತು.

ಚಮಚದಿಂದ ನಾಲಿಗೆಯ ಹಿಂಭಾಗ ಕೆರೆದು ಮೂಸಿ ನೋಡಿದೆ. ಹಳದಿ ಲೋಳೆ, ಅದೇ ವಾಸನೆ! ಅಲ್ಲಿನ ಬ್ಯಾಕ್ಟೀರಿಯಾ ಪ್ರೋಟೀನ್ ಒಡೆದು ಗಂಧಕದ ಅನಿಲ ಬಿಡುತ್ತವೆ. ಸತು (ಝಿಂಕ್) ಆ ಗಂಧಕವನ್ನು ಹಿಡಿದಿಡುತ್ತದೆ.

ರಾತ್ರಿ ಮೊದಲು ಫ್ಲಾಸ್ (ಹಲ್ಲಿನ ಸಂದಿ ಶುಚಿ ಮಾಡುವ ದಾರ), ಆಮೇಲೆ ಬ್ರಷ್. ನಂತರ ನಾಲಿಗೆ ಕೆರೆಯುವ ಪಟ್ಟಿಯಿಂದ ಹಿಂದಿನಿಂದ ಮುಂದಕ್ಕೆ ನಾಲ್ಕೈದು ಸಲ, ಹಗುರವಾಗಿ. ಪ್ರತಿ ಸಲ ಪಟ್ಟಿ ತೊಳೆಯಬೇಕು. ಉಸಿರು ಹೊರಬಿಡುತ್ತಾ ಕೆರೆದರೆ ವಾಕರಿಕೆ ಕಡಿಮೆ. ಬಾಯಿ ಚೆನ್ನಾಗಿ ಮುಕ್ಕಳಿಸಿ ಅರ್ಧ ಗಂಟೆ ಕಾಯಬೇಕು. ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಪೇಸ್ಟ್‌ನ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್‌ನ ಶಕ್ತಿ ಕುಂದಿಸಬಹುದು.

ಆಮೇಲೆ ಮೌತ್‌ವಾಶ್: ಕ್ಲೋರ್‌ಹೆಕ್ಸಿಡಿನ್ 0.05%, ಸಿಟೈಲ್‌ಪಿರಿಡಿನಿಯಂ ಕ್ಲೋರೈಡ್ (ಇದೂ ಬ್ಯಾಕ್ಟೀರಿಯಾ ಕೊಲ್ಲುವಂಥದ್ದೇ) 0.05%, ಝಿಂಕ್ ಲ್ಯಾಕ್ಟೇಟ್ 0.14%. 15 ಮಿ.ಲೀ. ಬಾಯಿಗೆ ಹಾಕಿ, ತಲೆ ಹಿಂದಕ್ಕೆ ಬಾಗಿಸಿ, ನಾಲಿಗೆ ಹೊರಚಾಚಿ ಗಳಗಳ ಮಾಡಬೇಕು. ಬರೀ ಕೆನ್ನೆಯಲ್ಲಿ ಆಡಿಸಿದರೆ ಹಿಂಭಾಗಕ್ಕೆ ತಲುಪೋದೇ ಇಲ್ಲ ಅಲ್ವಾ! 30 ಸೆಕೆಂಡ್ ಆದ ಮೇಲೆ ಉಗುಳಿ, ನೀರು ಹಾಕದೆ ಮಲಗುವುದು.

ವಾಸನೆ ನಿಂತ ಮೇಲೆ ಸತು ಮಾತ್ರ ಇರುವ ಮೌತ್‌ವಾಶ್‌ಗೆ ಬದಲಾಯಿಸಿದೆ. ಕೆರೆಯುವುದನ್ನು ಮಾತ್ರ ಬಿಟ್ಟಿಲ್ಲ. ಗಂಟಲಲ್ಲಿ ಬಿಳಿ ಕಾಳಿನಂಥದ್ದು ಕಂಡರೆ ಅದು ಟಾನ್ಸಿಲ್ ಕಲ್ಲಿರಬಹುದು, ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ.