ಜೇಡರ ಬಲೆ ಹೊಡೆಯುವುದು ಬಿಟ್ಟೆ, ಸೂರಕ್ಕಿ ಗೂಡು ಕಟ್ಟಿತು

ಮೂರು ವರ್ಷ, ಐದು ಗೂಡು, ಎಂಟು ಮರಿ. ಇಷ್ಟೂ ಮೈಸೂರಿನ ನಮ್ಮ 30-40 ಸೈಟಿನ ಮನೆಯಲ್ಲಿ, ಮುಂಬಾಗಿಲ ಸಜ್ಜಾದ ಕೆಳಗೆ. ಶುರು ಮಾಡಿದಾಗ ಹಕ್ಕಿ ನೋಡುವ ಗೆಳೆಯರೇ ನಂಬಿರಲಿಲ್ಲ. "ಹೂವಿಗೆ ಬಂದು ಹೋಗ್ತವೆ, ಗೂಡೆಲ್ಲಾ ಕಟ್ಟಲ್ಲ, ರಸ್ತೆ ಪಕ್ಕ ಅಲ್ವಾ" ಅಂದಿದ್ದರು. ಈಗ ಅವರೇ ಭಾನುವಾರ ಕ್ಯಾಮೆರಾ ಹಿಡಿದು ಬರುತ್ತಾರೆ.

ನಾನು ಹೇಳುತ್ತಿರುವುದು ಬೆನ್ನ ಕೊನೆಯಲ್ಲಿ ನೇರಳೆ ಮಿನುಗುವ, ಹೊಟ್ಟೆ ಹಳದಿ ಇರುವ, ಹೂವಿನ ಮಕರಂದ ಹೀರುವ ಪುಟ್ಟ ಸೂರಕ್ಕಿಯ ವಿಷಯ. ಪೂರ್ತಿ ಕಪ್ಪಗೆ ಮಿಂಚುತ್ತದಲ್ಲ, ಅದಲ್ಲ.

ಮೊದಲ ವರ್ಷ ದುಡ್ಡು ಸುಮ್ನೆ ಹೋಯಿತು. ಸಕ್ಕರೆ ನೀರಿನ ಫೀಡರ್ ಎರಡು ತರಿಸಿದೆ, ಒಂದಕ್ಕೆ 450 ರೂಪಾಯಿ ಇರಬೇಕು. ಮಾರ್ಚ್ ಬಿಸಿಲಿಗೆ ಮಧ್ಯಾಹ್ನದೊಳಗೆ ನೀರು ಹುಳಿ ವಾಸನೆ ಹೊಡೆಯುತ್ತಿತ್ತು. ಇರುವೆ ಬಂತು, ಜೇನುಹುಳು ಬಂತು, ಸೂರಕ್ಕಿ ತಿರುಗಿಯೂ ನೋಡಲಿಲ್ಲ. ತೆಂಗಿನ ಚಿಪ್ಪಿನ ರೆಡಿಮೇಡ್ ಗೂಡಿಗೆ ಮತ್ತೆ 300. ತಾನೇ ನೇಯ್ದು ತೂಗುಬಿಡುವ ಹಕ್ಕಿಗೆ ಚಿಪ್ಪು ಯಾಕೆ ಬೇಕು, ಅದನ್ನು ಆಗ ಯೋಚಿಸಬೇಕಿತ್ತು. ಎರಡನೇ ವರ್ಷ ಹೂವಿನ ಗಿಡ. ಹ್ಯಾಮೇಲಿಯಾ, ರಸೆಲಿಯಾ, ನಾಲ್ಕು ಬಗೆಯ ದಾಸವಾಳ, ಹಿತ್ತಲಲ್ಲಿ ಎರಡು ಬಾಳೆ. ಕುಂಡ, ಮಣ್ಣು ಎಲ್ಲಾ ಸೇರಿ ಐದು ಸಾವಿರದ ಹತ್ತಿರ ಆಯಿತು. ಹಕ್ಕಿ ದಿನಾ ಬಂತು. ಗಿಡದ ಮೇಲೆ ನನ್ನದೇನೂ ದೂರಿಲ್ಲ, ಹ್ಯಾಮೇಲಿಯಾ ಒಂದನ್ನಾದರೂ ಹಾಕಿ. ಆದರೆ ಗೂಡು ಮಾತ್ರ ಇಲ್ಲ.

ಆ ವರ್ಷ ಒಮ್ಮೆ ಶುರುವಾಗಿತ್ತು. ಅದನ್ನು ಕೆಡಿಸಿದವನು ನಾನೇ. ದಾಸವಾಳಕ್ಕೆ ಹಿಟ್ಟು ತಿಗಣೆ ಬಿದ್ದಿತ್ತು, ಅಂಗಡಿಯವರು ಕೊಟ್ಟ ಔಷಧಿ ಹೊಡೆದೆ. ತಿಗಣೆಯ ಜೊತೆ ಜೇಡಗಳೂ ಹೋದವು. ಹೆಣ್ಣು ಹಕ್ಕಿ ಅರ್ಧ ಕಟ್ಟಿದ ಗೂಡಿನ ಹತ್ತಿರ ಬಂದು, ಸಜ್ಜಾದ ಮೂಲೆ ಮೂಲೆ ಹುಡುಕಿ, ಖಾಲಿ ಕೊಕ್ಕಲ್ಲಿ ಹೋಗುವುದನ್ನು ಎರಡು ದಿನ ನೋಡಿದೆ. ಮೂರನೇ ದಿನ ಬರಲಿಲ್ಲ. ಅದರ ಗೂಡಿನ ಅಂಟೇ ಜೇಡರ ಬಲೆ, ಮರಿಗೆ ಮೊದಲ ಊಟವೂ ಜೇಡ ಮತ್ತು ಸಣ್ಣ ಹುಳ. ನಾನು ಎರಡನ್ನೂ ತೆಗೆದುಹಾಕಿದ್ದೆ.

ಅವತ್ತಿನಿಂದ ಔಷಧಿ ಬಂದ್. ತಿಗಣೆ ಬಂದರೆ ಪೈಪ್ ಹಿಡಿದು ಜೋರಾಗಿ ನೀರು ಹೊಡೆಯುತ್ತೇನೆ. ಸಜ್ಜಾ, ಗೇಟು, ಕಾಂಪೌಂಡ್ ಮೂಲೆಯ ಬಲೆಗಳನ್ನು ಮುಟ್ಟುವುದಿಲ್ಲ. ಅಮ್ಮನ ಜೊತೆ ಯುಗಾದಿಗೆ ದೊಡ್ಡ ಜಗಳವೇ ಆಯಿತು. "ಹಬ್ಬದ ದಿನ ಬಾಗಿಲ ಮುಂದೆ ಬಲೆ ಇಟ್ಕೊಂಡಿದ್ದೀಯಲ್ಲೋ, ಬಂದವರು ಏನಂದ್ಕೋತಾರೆ?" ಒಳಗೆಲ್ಲಾ ಹೊಡೆಯಿರಿ, ಹೊರಗೆ ಬೇಡ ಅಂತ ಒಪ್ಪಿಸಿದೆ.

ಆಮೇಲೆ ತೂಗುಹಾಕುವ ಜಾಗ. ಪ್ಲಾಸ್ಟಿಕ್ ದಾರದಲ್ಲಿ ಬಲೆ ಜಾರುತ್ತದೆ, ಎರಡು ಸಲ ನೋಡಿದೆ. ಬಟ್ಟೆ ಒಣಹಾಕುವ ಹಳೇ ತಂತಿಗೆ ಸೆಣಬಿನ ಹುರಿ ಸುತ್ತಿ, ಒಂದೂವರೆ ಅಡಿ ಇಳಿಬಿಟ್ಟೆ. ನೆಲದಿಂದ ಏಳಡಿ ಎತ್ತರ ಇರಬಹುದು. ತುದಿಯನ್ನು ಹೇಗೆ ಕಟ್ಟುತ್ತೇನೆ, ಇರುವೆ ಇಳಿಯದ ಹಾಗೆ ಮೇಲೆ ಏನು ಮಾಡುತ್ತೇನೆ ಎನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ಒಂದು ವರ್ಷ ಹಿಡಿದಿದೆ.

ಕಟ್ಟುವುದೆಲ್ಲಾ ಹೆಣ್ಣೇ. ಬಲೆಯನ್ನು ಕೊಕ್ಕಿಗೆ ಸುತ್ತಿಕೊಂಡು ಬಂದು ಹುರಿಗೆ ಒರೆಸುತ್ತದೆ, ಅದಕ್ಕೆ ನಾರು, ಒಣ ಎಲೆ, ತೊಗಟೆ ಚೂರು ಅಂಟಿಸುತ್ತದೆ. ಚೀಲ ಆದ ಮೇಲೆ ಒಳಗೆ ಕೂತು ಮೈ ತಿರುಗಿಸಿ ತಿರುಗಿಸಿ ಎದೆಯಿಂದಲೇ ಅಗಲ ಮಾಡುತ್ತದೆ, ಆಗ ಇಡೀ ಗೂಡು ಉಸಿರಾಡಿದ ಹಾಗೆ ಉಬ್ಬಿ ಇಳಿಯುತ್ತದೆ. ಬಾಗಿಲ ಮೇಲೆ ಪುಟ್ಟ ಸಜ್ಜಾ ಬೇರೆ. ದೂರದಿಂದ ಗಾಳಿಗೆ ಸಿಕ್ಕಿಕೊಂಡ ಕಸ ಅನ್ನಬೇಕು, ಹಾಗಿರುತ್ತದೆ. ಒಳಗಿನ ಹಾಸಿಗೆಗೆ ಮೆಡಿಕಲ್ ಹತ್ತಿ, ಬೂರುಗದ ಹತ್ತಿ, ಎಕ್ಕದ ಹತ್ತಿ ಮೂರನ್ನೂ ಒಂದು ಬುಟ್ಟಿಯಲ್ಲಿ ಇಟ್ಟು ನೋಡಿದೆ. ಎಕ್ಕ ಎರಡೇ ದಿನದಲ್ಲಿ ಖಾಲಿ, ಬೂರುಗ ಸ್ವಲ್ಪ ಹೋಯಿತು. ಮೆಡಿಕಲ್ ಹತ್ತಿ ಮಳೆ ಬರುವವರೆಗೂ ಅಲ್ಲೇ ಇತ್ತು.

ಮೊಟ್ಟೆ ಎರಡು, ಕಾವು ಹೆಚ್ಚುಕಡಿಮೆ ಹದಿನೈದು ದಿನ, ಮರಿ ಹಾರಲು ಮತ್ತೆ ಅಷ್ಟೇ, ಒಂದೆರಡು ದಿನ ಆಚೀಚೆ. ಐದರಲ್ಲಿ ಒಂದು ಗೂಡನ್ನು ಕೆಂಬೂತ ಹರಿದು ಹಾಕಿತು. ಅದು ಸಜ್ಜಾದ ಕೆಳಗೇ ಕಾಂಪೌಂಡ್ ಕಡೆಗಿದ್ದ ಹುರಿ. ಈಗ ಕೆಂಬೂತ ಕೂರಲು ಕೊಂಬೆ ಸಿಗುವ ಕಡೆ ಹುರಿ ಬಿಡುವುದಿಲ್ಲ.

ಮಧ್ಯೆ ಶ್ರೀಲಂಕಾಕ್ಕೂ ಹೋಗಿ ಬಂದೆ, ಅರ್ಧ ಇದಕ್ಕೇ. ಈ ಹಕ್ಕಿಗೆ ಇರುವುದು ಎರಡೇ ಉಪಜಾತಿ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1766ರಲ್ಲಿ ಹೆಸರಿಟ್ಟ ಝೈಲೋನಿಕಾ ಅಲ್ಲಿಯದು, ಹೆಸರಲ್ಲೇ ಸಿಲೋನ್ ಇದೆ. ನಮ್ಮದು ಫ್ಲಾವಿವೆಂಟ್ರಿಸ್, ಅಂದರೆ ಹಳದಿ ಹೊಟ್ಟೆಯದು. ಪೆರಾದೇನಿಯ ಸಸ್ಯೋದ್ಯಾನದಲ್ಲಿ ಗಂಟೆಗಟ್ಟಲೆ ನಿಂತು ನೋಡಿದರೂ ನನ್ನ ಕಣ್ಣಿಗೆ ಎರಡೂ ಒಂದೇ ಥರ ಕಂಡವು. ಉದ್ದಕೊಕ್ಕಿನ ಸೂರಕ್ಕಿ ಹಾಗಲ್ಲ, ಅದರ ಲಂಕೆಯ ಉಪಜಾತಿಗೆ ನಮ್ಮದಕ್ಕಿಂತ ಕೊಕ್ಕು ಉದ್ದ. ಆದರೆ ನಾವು ಉಳಿದ ಮನೆಯ ಜಗುಲಿಯಲ್ಲಿ ಬಲ್ಬಿನ ವೈರಿಗೆ ಸೂರಕ್ಕಿಯ ಹಳೇ ಗೂಡೊಂದು ನೇತಾಡುತ್ತಿತ್ತು. ಕುರ್ಚಿ ಹತ್ತಿ ನೋಡಿದೆ. ಮೇಲಿನ ಮೂಲೆ ಪೂರ್ತಿ ಜೇಡರ ಬಲೆ.

ಈ ಸಲ ಅಡುಗೆಮನೆ ಕಿಟಕಿಯ ಕಡೆ ಇನ್ನೊಂದು ಹುರಿ ಬಿಟ್ಟಿದ್ದೇನೆ. ಮೂರು ವಾರ ಆಯಿತು, ಹೆಣ್ಣು ಬಂದು ಕೂತು ಹೋಗುತ್ತದೆ, ಕಟ್ಟಿಲ್ಲ. ಆ ಗೋಡೆಗೆ ಹೋದ ವರ್ಷ ಸುಣ್ಣ ಬಳಿಸಿದ್ದೆವು, ಬಲೆ ಇನ್ನೂ ಸರಿಯಾಗಿ ಕೂತಿಲ್ಲ.