ಟ್ರೆಲ್ಲೊದಿಂದ ರೆಡ್‌ಮೈನ್‌ಗೆ: ಕಾರ್ಡುಗಳನ್ನು ಅರ್ಥಸಮೇತ ಸಾಗಿಸುವ ಕ್ರಮ

ತಂಡದ ಕೆಲಸಗಳನ್ನು ಕಾರ್ಡುಗಳಾಗಿ ಬರೆದು ಬೋರ್ಡಿನ ಲಿಸ್ಟುಗಳಲ್ಲಿ ಜೋಡಿಸಿಡುವ ಜಾಲಸೇವೆ ಟ್ರೆಲ್ಲೊ. ಅದರಲ್ಲಿ ಒಂದು ಕಾರ್ಡನ್ನು ‘ನಡೆಯುತ್ತಿದೆ’ ಎಂಬ ಲಿಸ್ಟಿನಿಂದ ‘ಮುಗಿದಿದೆ’ ಎಂಬ ಲಿಸ್ಟಿಗೆ ಎಳೆದು ಬಿಟ್ಟಾಗ ಕೆಲಸ ಮುಗಿಯಿತೆಂದು ತಂಡದವರಿಗೆಲ್ಲ ತಿಳಿಯುತ್ತದೆ. ಟ್ರೆಲ್ಲೊಗೆ ಮಾತ್ರ ತಿಳಿಯುವುದಿಲ್ಲ. ಅದರ ಲೆಕ್ಕದಲ್ಲಿ ಕಾರ್ಡು ಒಂದು ಲಿಸ್ಟನ್ನು ಬಿಟ್ಟು ಇನ್ನೊಂದನ್ನು ಸೇರಿತು, ಅಷ್ಟೆ. ಲಿಸ್ಟಿನ ಹೆಸರಿಗೆ ಅರ್ಥ ಕೊಟ್ಟವರು ನಾವು. ಕೆಲಸಗಳ ಲೆಕ್ಕವಿಡುವ ಇನ್ನೊಂದು ತಂತ್ರಾಂಶವಾದ ರೆಡ್‌ಮೈನ್‌ನಲ್ಲಿ ಹಾಗಿಲ್ಲ: ಪ್ರತಿಯೊಂದು ಇಶ್ಯೂವಿಗೂ (ಅಂದರೆ ಒಂದೊಂದು ಕೆಲಸದ ದಾಖಲೆಗೂ) ಸ್ಟೇಟಸ್, ಟ್ರ್ಯಾಕರ್ (ಕೆಲಸದ ಬಗೆ), ಆದ್ಯತೆ, ಹೊಣೆಗಾರ ಎಂಬ ನಿಗದಿತ ಜಾಗಗಳಿವೆ, ಮತ್ತು ಯಾವ ಪಾತ್ರದವರು ಯಾವ ಸ್ಟೇಟಸ್‌ನಿಂದ ಯಾವುದಕ್ಕೆ ಬದಲಿಸಬಹುದು ಎಂಬುದಕ್ಕೂ ನಿಯಮವಿದೆ. ಹೀಗಾಗಿ ಕಡತವನ್ನು ಅಲ್ಲಿಂದ ಇಳಿಸಿ ಇಲ್ಲಿಗೆ ಏರಿಸುವುದು ಈ ಕೆಲಸದ ಸಣ್ಣ ಭಾಗ. ತಂಡದವರ ತಲೆಯಲ್ಲಷ್ಟೇ ಇರುವ ಅರ್ಥವನ್ನು ಹೊರತೆಗೆದು ಬರೆದಿಡುವುದೇ ದೊಡ್ಡ ಭಾಗ.

ಟ್ರೆಲ್ಲೊ 2011ರಲ್ಲಿ ಬಂದ ಸೇವೆ. 2017ರಿಂದ ಅಟ್ಲಾಸಿಯನ್ ಕಂಪನಿಯ ಒಡೆತನದಲ್ಲಿದೆ. ರೆಡ್‌ಮೈನ್ 2006ರಿಂದ ಇರುವ ಮುಕ್ತ ತಂತ್ರಾಂಶ. ರೂಬಿ ಆನ್ ರೈಲ್ಸ್‌ನಲ್ಲಿ ಬರೆದ ಅದನ್ನು ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಟ್ರೆಲ್ಲೊದ ಉಚಿತ ವರ್ಕ್‌ಸ್ಪೇಸ್‌ನಲ್ಲಿ 10 ಬೋರ್ಡುಗಳ ಮಿತಿ ಮುಟ್ಟಿದಾಗಲೋ, ದತ್ತಾಂಶ ನಮ್ಮ ಕೈಯಲ್ಲೇ ಇರಲಿ ಎನಿಸಿದಾಗಲೋ ಸಣ್ಣ ತಂಡಗಳು ಈ ದಾರಿ ಹಿಡಿಯುತ್ತವೆ. ಕೆಲವು ನೂರರಿಂದ ಕೆಲವು ಸಾವಿರದಷ್ಟು ಕಾರ್ಡುಗಳಿರುವ, ಪೈಥಾನ್‌ನಲ್ಲೋ ರೂಬಿಯಲ್ಲೋ ಒಂದು ಸ್ಕ್ರಿಪ್ಟ್ ಬರೆಯಬಲ್ಲವರು ಒಬ್ಬರಾದರೂ ಇರುವ ತಂಡವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕ್ರಮವನ್ನು ಬರೆದಿದೆ.

ಮೊದಲು ಹೊಂದಾಣಿಕೆಯ ಪಟ್ಟಿ

ಎಕ್ಸ್‌ಪೋರ್ಟ್ ಗುಂಡಿಯನ್ನು ಒತ್ತುವ ಮೊದಲು ಒಂದು ಹಾಳೆಯ ಎಡಬದಿಯಲ್ಲಿ ಎಲ್ಲ ಬೋರ್ಡುಗಳ ಎಲ್ಲ ಲಿಸ್ಟುಗಳ ಹೆಸರನ್ನೂ ಬರೆದುಕೊಳ್ಳಿ. ಬೋರ್ಡು ಪ್ರಾಜೆಕ್ಟ್ ಆಗುವುದರಲ್ಲಿ ಗೊಂದಲವಿಲ್ಲ. ಲಿಸ್ಟು ಸ್ಟೇಟಸ್ ಆಗುತ್ತದೆ ಎಂದು ಎಲ್ಲರೂ ಮೊದಲಿಗೆ ಊಹಿಸುತ್ತಾರೆ. ಆ ಊಹೆಯಲ್ಲಿಯೇ ಅರ್ಧ ಸ್ಥಳಾಂತರಗಳು ಕೆಡುತ್ತವೆ. ನಾಲ್ಕೈದು ವರ್ಷ ಬಳಸಿದ ಯಾವುದೇ ಬೋರ್ಡಿನಲ್ಲಿ ಲಿಸ್ಟುಗಳು ಬೇರೆ ಬೇರೆ ಜಾತಿಯವಾಗಿರುತ್ತವೆ. ‘ಪರಿಶೀಲನೆಯಲ್ಲಿ’ ಎಂಬುದು ನಿಜವಾದ ಸ್ಟೇಟಸ್. ‘ಈ ವಾರ’, ‘ದೀಪಾವಳಿಗೆ ಮುಂಚೆ’ ಎಂಬವು ಕಾಲಾವಧಿಗಳು. ಅವು ರೆಡ್‌ಮೈನ್‌ನ ವರ್ಷನ್ (ಇಂತಿಷ್ಟು ಕೆಲಸ ಇಂಥ ದಿನಕ್ಕೆ ಎಂಬ ಹಂತ) ಆಗಬೇಕು. ‘ಬಿಲ್ಲಿಂಗ್’, ‘ಮೊಬೈಲ್ ಆ್ಯಪ್’ ಎಂಬವು ಕೆಲಸದ ವಿಭಾಗಗಳು, ಅವು ಕೆಟಗರಿ. ಇನ್ನು ‘ಮಾಹಿತಿ’ ಎಂಬ ಲಿಸ್ಟೊಂದು ಬಹುತೇಕ ಎಲ್ಲ ಕಡೆಯೂ ಇರುತ್ತದೆ, ಅದರಲ್ಲಿ ಸರ್ವರ್ ವಿಳಾಸ, ಗ್ರಾಹಕರ ಸಂಪರ್ಕ ಮುಂತಾದವು ಇರುತ್ತವೆ; ಅವು ಕೆಲಸಗಳೇ ಅಲ್ಲವಾದ್ದರಿಂದ ವಿಕಿ ಪುಟಗಳಿಗೆ ಹೋಗಬೇಕು. ಅಲ್ಲಿ ಯಾರಾದರೂ ಪಾಸ್‌ವರ್ಡ್ ಬರೆದಿಟ್ಟಿದ್ದರೆ ಅದನ್ನು ಎಲ್ಲಿಗೂ ಸಾಗಿಸದೆ, ಪಾಸ್‌ವರ್ಡನ್ನೇ ಬದಲಿಸಿ, ಹೊಸದನ್ನು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಡಿ.

ಒಂದಕ್ಕೊಂದು ಸರಿಹೊಂದದ ಕಡೆಗಳಲ್ಲಿ ಹೆಚ್ಚು ಹೊತ್ತು ಕೂರಬೇಕಾಗುತ್ತದೆ. ಟ್ರೆಲ್ಲೊ ಕಾರ್ಡಿನಲ್ಲಿ ನಾಲ್ಕು ಮಂದಿ ಸದಸ್ಯರಿರಬಹುದು, ರೆಡ್‌ಮೈನ್ ಇಶ್ಯೂವಿಗೆ ಹೊಣೆಗಾರ ಒಬ್ಬರೇ. ಮೊದಲ ಹೆಸರನ್ನು ಹೊಣೆಗಾರರನ್ನಾಗಿ ಮಾಡಿ ಉಳಿದವರನ್ನು ವಾಚರ್‌ಗಳಾಗಿ (ಬದಲಾವಣೆಗಳ ಸೂಚನೆ ಪಡೆಯುವವರಾಗಿ) ಸೇರಿಸಬಹುದು. ಆದರೆ ಮೊದಲ ಹೆಸರು ಮೊದಲು ಸೇರಿದವರದೇ ಹೊರತು ಕೆಲಸ ಮಾಡುವವರದೇ ಆಗಿರಬೇಕಿಲ್ಲ. ಆದ್ದರಿಂದ ತೆರೆದಿರುವ ಕಾರ್ಡುಗಳಿಗೆ ಮಾತ್ರವಾದರೂ ‘ಇದು ಯಾರ ಕೆಲಸ’ ಎಂದು ತಂಡದವರನ್ನು ಕೂರಿಸಿಕೊಂಡು ಕೇಳಿಬಿಡುವುದು ಒಳ್ಳೆಯದು. ಕಾರ್ಡಿಗೆ ಲೇಬಲ್‌ಗಳು ಹಲವು ಇರಬಹುದು, ಇಶ್ಯೂವಿಗೆ ಕೆಟಗರಿ ಒಂದೇ. ಹಲವು ಲೇಬಲ್ ಉಳಿಸಬೇಕಾದರೆ ಹಲವು ಮೌಲ್ಯಗಳನ್ನು ಹಿಡಿಯುವ ಪಟ್ಟಿ ಬಗೆಯ ಕಸ್ಟಮ್ ಫೀಲ್ಡ್ (ನಾವೇ ಸೇರಿಸಿಕೊಳ್ಳುವ ಜಾಗ) ಬೇಕು. ಚೆಕ್‌ಲಿಸ್ಟ್ ಎಂಬುದು ರೆಡ್‌ಮೈನ್‌ನ ಮೂಲ ರೂಪದಲ್ಲಿ ಇಲ್ಲ, ಪ್ಲಗಿನ್ ಹಾಕಬೇಕು. ಪ್ಲಗಿನ್ ಬೇಡವೆಂದರೆ ಚೆಕ್‌ಲಿಸ್ಟಿನ ಸಾಲಿಗೆ ತನ್ನದೇ ಆದ ದಿನಾಂಕವೋ ವ್ಯಕ್ತಿಯೋ ಇದ್ದಾಗ ಅದನ್ನು ಉಪ-ಇಶ್ಯೂ ಮಾಡಿ, ಇಲ್ಲದಿದ್ದರೆ ವಿವರಣೆಯ ಕೆಳಗೆ ಸಾದಾ ಪಟ್ಟಿಯಾಗಿ ಬರೆದುಬಿಡಿ. ಎಲ್ಲವನ್ನೂ ಉಪ-ಇಶ್ಯೂ ಮಾಡಿದರೆ ‘ಹಾಲಿನವರಿಗೆ ಫೋನ್ ಮಾಡು’ ಎಂಬ ಸಾಲಿಗೂ ಒಂದು ಇಶ್ಯೂ ಸಂಖ್ಯೆ ಬರುತ್ತದೆ. ಅಲ್ಲದೆ, ಮೂಲ ಸೆಟ್ಟಿಂಗ್‌ನಲ್ಲಿ ತಾಯಿ-ಇಶ್ಯೂವಿನ ದಿನಾಂಕ, ಆದ್ಯತೆ ಮತ್ತು ಪ್ರಗತಿಯ ಶೇಕಡಾವಾರು ಉಪ-ಇಶ್ಯೂಗಳಿಂದ ಲೆಕ್ಕವಾಗುತ್ತವೆ. ನೀವು ಏರಿಸಿದ ದಿನಾಂಕ ಹಾಗೆಯೇ ಉಳಿಯುವುದಿಲ್ಲ.

ಬಟ್ಲರ್ ಎಂಬ ಹೆಸರಿನಲ್ಲಿ ಬರೆದಿಟ್ಟ ಟ್ರೆಲ್ಲೊದ ಸ್ವಯಂಚಾಲಿತ ನಿಯಮಗಳು ಸಾಗುವುದಿಲ್ಲ. ಅವು ಏನು ಮಾಡುತ್ತಿದ್ದವು ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳಿ.

ಹೊರತೆಗೆಯುವಾಗ

ಸಿಎಸ್‌ವಿ (ಕೋಷ್ಟಕವನ್ನು ಸಾದಾ ಪಠ್ಯವಾಗಿ ಹಿಡಿಯುವ ಕಡತ) ಎಕ್ಸ್‌ಪೋರ್ಟ್ ಟ್ರೆಲ್ಲೊದ ಪ್ರೀಮಿಯಂ ಬಳಕೆದಾರರಿಗೆ ಮಾತ್ರ. ಜೇಸನ್ ಎಂಬ, ಪ್ರೋಗ್ರಾಮುಗಳು ಸುಲಭವಾಗಿ ಓದುವ ಪಠ್ಯ ಕಡತ ಎಲ್ಲರಿಗೂ ಸಿಗುತ್ತದೆ, ಮತ್ತು ನಮಗೆ ಬೇಕಾದುದೂ ಅದೇ. ಬೋರ್ಡಿನ ಮೆನುವಿನಿಂದ ಅದನ್ನು ಇಳಿಸಿಕೊಂಡು ‘ಎಲ್ಲವೂ ಬಂತು’ ಎಂದು ನೆಮ್ಮದಿಯಾಗಿರುವವರು ಹಲವರು. ಆದರೆ ಆ ಕಡತದಲ್ಲಿ ಕಾರ್ಡುಗಳೆಲ್ಲ ಇದ್ದರೂ, ಆಕ್ಷನ್ಸ್ ಎಂಬ ಭಾಗದಲ್ಲಿ ಇತ್ತೀಚಿನ 1000 ಚಟುವಟಿಕೆಗಳಷ್ಟೇ ಇರುತ್ತವೆ. ಕಾಮೆಂಟುಗಳು ಇರುವುದು ಈ ಆಕ್ಷನ್ಸ್‌ನಲ್ಲಿಯೇ. ಕಾರ್ಡನ್ನು ಎಳೆದದ್ದು, ಲೇಬಲ್ ಹಚ್ಚಿದ್ದು, ಸದಸ್ಯರನ್ನು ಸೇರಿಸಿದ್ದು ಎಲ್ಲವೂ ಒಂದೊಂದು ಚಟುವಟಿಕೆಯಾದ್ದರಿಂದ, ಚುರುಕಾದ ಬೋರ್ಡಿನಲ್ಲಿ 1000 ಎಂಬುದು ಕೆಲವೇ ತಿಂಗಳುಗಳಲ್ಲಿ ತುಂಬಿಹೋಗುತ್ತದೆ. ಎರಡು ವರ್ಷ ಹಿಂದೆ ಗ್ರಾಹಕರು ಏಕೆ ಒಪ್ಪಲಿಲ್ಲ ಎಂದು ಬರೆದ ಕಾಮೆಂಟು ಆ ಕಡತದಲ್ಲಿ ಇರುವುದೇ ಇಲ್ಲ.

ಇದಕ್ಕೆ ಪರಿಹಾರ ಎಪಿಐ, ಅಂದರೆ ಸ್ಕ್ರಿಪ್ಟುಗಳು ಸೇವೆಯೊಂದಿಗೆ ನೇರವಾಗಿ ಮಾತಾಡುವ ದಾರಿ. ಅದಕ್ಕೆ ಗುರುತಿನ ಚೀಟಿಗಳಂತಿರುವ ಕೀ ಮತ್ತು ಟೋಕನ್ ಪಡೆದು, ಪ್ರತಿಯೊಂದು ಕಾರ್ಡಿನ ಕಾಮೆಂಟುಗಳನ್ನು ಬೇರೆಯಾಗಿಯೇ ತರಿಸಿಕೊಳ್ಳಿ. ಒಂದು ಟೋಕನ್‌ಗೆ 10 ಸೆಕೆಂಡಿಗೆ 100 ಕೋರಿಕೆಗಳ ಮಿತಿಯಿದೆ. ಸ್ಕ್ರಿಪ್ಟಿನಲ್ಲಿ ಸಣ್ಣ ವಿರಾಮ ಇಟ್ಟರೆ ಸಾಕು. ಎಲ್ಲವೂ ಬಂದಿದೆಯೇ ಎಂದು ನೋಡಲು ಅಳತೆಗೋಲು ಜೇಸನ್‌ನಲ್ಲಿಯೇ ಇದೆ: ಪ್ರತಿಯೊಂದು ಕಾರ್ಡಿನ ಬ್ಯಾಡ್ಜಸ್ ಎಂಬ ಭಾಗದಲ್ಲಿ ಕಾಮೆಂಟುಗಳ ಮತ್ತು ಅಟ್ಯಾಚ್‌ಮೆಂಟುಗಳ ಎಣಿಕೆ ಬರೆದಿರುತ್ತದೆ. ತರಿಸಿಕೊಂಡ ಕಾಮೆಂಟುಗಳನ್ನು ಎಣಿಸಿ ಅದರೊಂದಿಗೆ ತಾಳೆ ನೋಡಿ.

ಆರ್ಕೈವ್ ಮಾಡಿದ ಕಾರ್ಡುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾರ್ಡನ್ನೇ ಆರ್ಕೈವ್ ಮಾಡಿದರೆ ಅದರ ಮೇಲೆ ‘ಕ್ಲೋಸ್ಡ್’ ಎಂಬ ಗುರುತು ಬೀಳುತ್ತದೆ. ಇಡೀ ಲಿಸ್ಟನ್ನು ಆರ್ಕೈವ್ ಮಾಡಿದ್ದರೆ ಗುರುತು ಲಿಸ್ಟಿನ ಮೇಲಷ್ಟೇ ಇದ್ದು, ಅದರೊಳಗಿನ ಕಾರ್ಡುಗಳು ತೆರೆದಿರುವಂತೆಯೇ ಕಾಣುತ್ತವೆ. ಇದನ್ನು ನೋಡದೆ ಏರಿಸಿದರೆ ಎಂದೋ ಕೈಬಿಟ್ಟ ಕೆಲಸಗಳು ಹೊಸ ಜಾಗದಲ್ಲಿ ಬಾಕಿ ಕೆಲಸಗಳಾಗಿ ಎದ್ದು ಕೂರುತ್ತವೆ.

ಅಟ್ಯಾಚ್‌ಮೆಂಟುಗಳ ವಿಳಾಸ ಮಾತ್ರ ಜೇಸನ್‌ನಲ್ಲಿರುತ್ತದೆ, ಕಡತ ಇರುವುದಿಲ್ಲ. ಟ್ರೆಲ್ಲೊಗೆ ಏರಿಸಿದ ಕಡತಗಳನ್ನು ಕೀ-ಟೋಕನ್‌ಗಳನ್ನು ಹೆಡರ್‌ನಲ್ಲಿ (ಕೋರಿಕೆಯ ತಲೆಭಾಗದಲ್ಲಿ) ಕಳಿಸಿಯೇ ಇಳಿಸಿಕೊಳ್ಳಬೇಕು. ಗೂಗಲ್ ಡ್ರೈವ್‌ನಂಥ ಹೊರಗಿನ ಕೊಂಡಿಗಳು ಕೊಂಡಿಗಳಾಗಿಯೇ ಉಳಿಯುತ್ತವೆ. ಟ್ರೆಲ್ಲೊ ಖಾತೆಯನ್ನು ಮುಚ್ಚಿದ ಮೇಲೆ ಇದು ನೆನಪಾದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ದಿನಾಂಕ ಮತ್ತು ಅಕ್ಷರ

ಕಾರ್ಡು ಹುಟ್ಟಿದ ದಿನಾಂಕಕ್ಕೆ ಜೇಸನ್‌ನಲ್ಲಿ ಪ್ರತ್ಯೇಕ ಜಾಗವಿಲ್ಲ, ಆದರೆ ಅದು ಕಾರ್ಡಿನ ಐಡಿಯಲ್ಲೇ ಅಡಗಿದೆ. ಐಡಿಯ ಮೊದಲ ಎಂಟು ಅಂಕೆಗಳನ್ನು ಹದಿನಾರರ ಪದ್ಧತಿಯ ಸಂಖ್ಯೆಯೆಂದು ಓದಿದರೆ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳು ಸಿಗುತ್ತವೆ. ಐಡಿ 60000000 ಎಂದು ಆರಂಭವಾದರೆ ಅದು 1610612736 ಸೆಕೆಂಡು; ಅಂದರೆ ಆ ಕಾರ್ಡು 2021ರ ಜನವರಿ 14ರಂದು, ಸಂಕ್ರಾಂತಿಯ ದಿನ, ನಮ್ಮ ಸಮಯದಲ್ಲಿ ಮಧ್ಯಾಹ್ನ 1 ಗಂಟೆ 55 ನಿಮಿಷಕ್ಕೆ ಹುಟ್ಟಿದ್ದು.

‘ನಮ್ಮ ಸಮಯದಲ್ಲಿ’ ಎಂಬ ಮಾತಿಗೆ ಇಲ್ಲಿ ತೂಕವಿದೆ. ಟ್ರೆಲ್ಲೊ ಎಲ್ಲ ಸಮಯವನ್ನೂ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಇಡುತ್ತದೆ, ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದು. ಟ್ರೆಲ್ಲೊದ ಗಡುವಿಗೆ ದಿನದ ಜೊತೆ ಗಂಟೆಯೂ ಇದೆ; ರೆಡ್‌ಮೈನ್‌ನ ಗಡುವು ಬರಿಯ ದಿನಾಂಕ. ನಡುರಾತ್ರಿ 12ರಿಂದ ಬೆಳಗಿನ ಐದೂವರೆಯೊಳಗೆ ಗಡುವಿಟ್ಟ ಕಾರ್ಡುಗಳ ಗಂಟೆಯನ್ನು ಸುಮ್ಮನೆ ಕತ್ತರಿಸಿ ಹಾಕಿದರೆ ಗಡುವು ಒಂದು ದಿನ ಹಿಂದಕ್ಕೆ ಜಾರುತ್ತದೆ. ಮೊದಲು ಭಾರತದ ಸಮಯಕ್ಕೆ ಬದಲಿಸಿ, ಆಮೇಲೆ ಗಂಟೆಯನ್ನು ಬಿಡಿ.

ಕನ್ನಡದಲ್ಲಿ ಬರೆದ ಕಾರ್ಡುಗಳಿಗೆ ಇನ್ನೊಂದಿಷ್ಟು ಎಚ್ಚರ ಬೇಕು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮತ್ತು ‘ವೇ’ಗಳ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಕೆಲವು ಕೀಲಿಮಣೆಗಳು ಅದನ್ನು ಹಾಕುತ್ತವೆ, ಕೆಲವರು ಬೇಕೆಂದೇ ಹಾಕುತ್ತಾರೆ, ಕೆಲವರಿಗೆ ಅದರ ಸುದ್ದಿಯೇ ಗೊತ್ತಿಲ್ಲ. ಹಾಗೆಯೇ ‘ೋ’ ಎಂಬ ಒಂದೇ ಸ್ವರಚಿಹ್ನೆಯನ್ನು ಒಂದು ಸಂಕೇತವಾಗಿಯೂ ಬಿಡಿಬಿಡಿಯಾಗಿ ಜೋಡಿಸಿಯೂ ಬರೆಯಲು ಬರುತ್ತದೆ. ಕಣ್ಣಿಗೆ ಬಹುಮಟ್ಟಿಗೆ ಒಂದೇ ಆಗಿ ತೋರುವ ಎರಡು ಲೇಬಲ್‌ಗಳು ಕಂಪ್ಯೂಟರ್‌ಗೆ ಬೇರೆಯಾಗಿ, ರೆಡ್‌ಮೈನ್‌ನಲ್ಲಿ ಎರಡೆರಡು ಕೆಟಗರಿಗಳು ಹುಟ್ಟುವುದು ಹೀಗೆ. ಹೆಸರುಗಳನ್ನು ಹೋಲಿಸುವ ಮೊದಲು ಯೂನಿಕೋಡ್ ನಾರ್ಮಲೈಸ್ ಮಾಡಿ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನು ಒಂದೇ ರೂಪಕ್ಕೆ ತಂದು), ಆ ಕಾಣದ ಅಕ್ಷರವನ್ನು ತೆಗೆದು ಹೋಲಿಸಿ. ತೋರಿಸುವ ಹೆಸರಿನಲ್ಲಿ ಅದನ್ನು ಉಳಿಸಿಕೊಳ್ಳಿ.

ಮಧ್ಯದಲ್ಲಿ ಸಿಎಸ್‌ವಿಯಾಗಿ ಮಾಡಿ ನೋಡುವುದಿದ್ದರೆ ಎಕ್ಸೆಲ್‌ನಲ್ಲಿ ಜೋಡಿ-ಕ್ಲಿಕ್ ಮಾಡಿ ತೆರೆದು ಉಳಿಸಬೇಡಿ. ಕನ್ನಡವು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಬಹುದು, ದಿನ-ತಿಂಗಳು ಅದಲುಬದಲಾಗಬಹುದು, ಸಂಖ್ಯೆಯ ಮುಂದಿನ ಸೊನ್ನೆಗಳಂತೂ ಹೋಗಿಯೇ ಬಿಡುತ್ತವೆ. ಲಿಬ್ರೆಆಫೀಸ್ ಕ್ಯಾಲ್ಕ್ ತೆರೆಯುವ ಮುನ್ನವೇ ಅಕ್ಷರ ಸಂಕೇತ ಯಾವುದೆಂದು ಕೇಳುತ್ತದೆ; ಯುಟಿಎಫ್-8 ಆಯ್ಕೆ ಮಾಡಿ. ರೆಡ್‌ಮೈನ್‌ನ ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದು, ಹಳೆಯ ಮೂರು-ಬೈಟ್ ಸಂಕೇತದಲ್ಲಿ ಹಾಕಿದ್ದರೆ ಕನ್ನಡ ಅಕ್ಷರಗಳು ಸರಿಯಾಗಿಯೇ ಕೂರುತ್ತವೆ, ಏಕೆಂದರೆ ಅವಕ್ಕೆ ಮೂರು ಬೈಟ್ ಸಾಕು. ನಾಲ್ಕು ಬೈಟ್ ಬೇಡುವ ಇಮೋಜಿ ಬಂದಾಗ ತೊಡಕು ಶುರುವಾಗುತ್ತದೆ. ಕಾಮೆಂಟುಗಳಲ್ಲಿ ಇಮೋಜಿ ಇಲ್ಲದ ತಂಡವನ್ನು ನಾನು ಕಂಡಿಲ್ಲ.

ರೆಡ್‌ಮೈನ್ ಅಣಿಗೊಳಿಸುವುದು

ಎಲ್ಲಕ್ಕಿಂತ ಮೊದಲು ಅಡ್ಮಿನ್ ಸೆಟ್ಟಿಂಗ್‌ಗಳಲ್ಲಿ ಇಮೇಲ್ ಸೂಚನೆಗಳನ್ನು ನಿಲ್ಲಿಸಿ. ನಾನು ಮೊದಲ ಬಾರಿ ಇದನ್ನು ಮರೆತು ಸ್ಕ್ರಿಪ್ಟ್ ಓಡಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ತಂಡದ ಪ್ರತಿಯೊಬ್ಬರ ಅಂಚೆಪೆಟ್ಟಿಗೆಯಲ್ಲೂ ನೂರಾರು ಪತ್ರಗಳು ಬಿದ್ದಿದ್ದವು. ಬಳಿಕ ಎಪಿಐ ಸೇವೆಯನ್ನು ಚಾಲೂ ಮಾಡಿ. ಬಳಕೆದಾರರನ್ನು ಸೇರಿಸಿ, ಅವರನ್ನು ಆಯಾ ಪ್ರಾಜೆಕ್ಟಿನ ಸದಸ್ಯರನ್ನಾಗಿಯೂ ಮಾಡಿ. ಸದಸ್ಯರಲ್ಲದವರನ್ನು ಹೊಣೆಗಾರರೆಂದು ಕಳಿಸಿದರೆ ರೆಡ್‌ಮೈನ್ ಇಶ್ಯೂವನ್ನೇ ತಿರಸ್ಕರಿಸುತ್ತದೆ. ಕೆಲಸ ಬಿಟ್ಟು ಹೋದವರ ಹೆಸರಿನ ಕಾರ್ಡುಗಳನ್ನು ಏನು ಮಾಡಬೇಕೆಂದು ಈಗಲೇ ತೀರ್ಮಾನಿಸಿ.

ಅಟ್ಯಾಚ್‌ಮೆಂಟಿನ ಮಿತಿಯನ್ನು ಮರೆಯಬಾರದು: ಟ್ರೆಲ್ಲೊದ ಉಚಿತ ಖಾತೆಯಲ್ಲೂ ಒಂದು ಕಡತ 10 ಎಂಬಿವರೆಗೆ ಇರಬಹುದು, ರೆಡ್‌ಮೈನ್‌ನ ಮೂಲ ಮಿತಿ 5 ಎಂಬಿ. ಬರಹದ ಶೈಲಿಯನ್ನೂ ಆರಂಭದಲ್ಲೇ ಆರಿಸಬೇಕು. ತಲೆಬರಹ, ಪಟ್ಟಿ ಮುಂತಾದವನ್ನು ಸಾದಾ ಚಿಹ್ನೆಗಳಿಂದ ಗುರುತಿಸುವ ಮಾರ್ಕ್‌ಡೌನ್ ಪದ್ಧತಿಯನ್ನು ಟ್ರೆಲ್ಲೊ ಬಳಸುತ್ತದೆ. ಹಳೆಯ ರೆಡ್‌ಮೈನ್‌ಗಳಲ್ಲಿ ಸಾಮಾನ್ಯವಾಗಿ ಟೆಕ್ಸ್‌ಟೈಲ್ ಎಂಬ ಬೇರೆ ಪದ್ಧತಿ ಇರುತ್ತದೆ, ಅದರಲ್ಲಿ ಮಾರ್ಕ್‌ಡೌನ್‌ನ ತಲೆಬರಹಗಳು ಸಂಖ್ಯೆಯಿಟ್ಟ ಪಟ್ಟಿಗಳಾಗಿ ಬದಲಾಗುತ್ತವೆ. ಕೊನೆಯದಾಗಿ, ‘ಹಳೆಯ ಕಾರ್ಡಿನ ಕೊಂಡಿ’ ಎಂಬ ಕಸ್ಟಮ್ ಫೀಲ್ಡ್ ಒಂದನ್ನು ಮಾಡಿ. ಇಮೇಲ್‌ಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಕೋಡ್ ಕಮಿಟ್‌ಗಳಲ್ಲಿ ಹರಡಿಕೊಂಡಿರುವ ಹಳೆಯ ವಿಳಾಸಗಳಿಂದ ಹೊಸ ಇಶ್ಯೂವನ್ನು ಹುಡುಕಿಕೊಳ್ಳಲು ಇರುವ ಸೇತುವೆ ಇದೊಂದೇ.

ಏರಿಸುವ ಕ್ರಮ

ರೆಡ್‌ಮೈನ್‌ನಲ್ಲಿಯೇ ಸಿಎಸ್‌ವಿ ಇಂಪೋರ್ಟ್ ಇದೆ. ಕಾಮೆಂಟು, ಅಟ್ಯಾಚ್‌ಮೆಂಟು ಬೇಡದವರಿಗೆ ಅಷ್ಟೇ ಸಾಕು. ಬೇಕಾದವರು ಎಪಿಐ ಮೂಲಕ ಹೋಗಬೇಕು. ಮೊದಲು ವರ್ಷನ್ ಮತ್ತು ಕೆಟಗರಿಗಳು, ಬಳಿಕ ತಾಯಿ-ಇಶ್ಯೂಗಳು, ಆಮೇಲೆ ಉಪ-ಇಶ್ಯೂಗಳು, ನಂತರ ಕಾಲಕ್ರಮದಲ್ಲಿ ಕಾಮೆಂಟುಗಳು, ಎಲ್ಲಕ್ಕೂ ಕೊನೆಯಲ್ಲಿ ಸ್ಟೇಟಸ್. ವರ್ಕ್‌ಫ್ಲೋ (ಯಾವ ಪಾತ್ರದವರು ಯಾವ ಸ್ಟೇಟಸ್‌ಗೆ ಬದಲಿಸಬಹುದೆಂಬ ನಿಯಮ) ಒಪ್ಪದ ಸ್ಟೇಟಸ್ ಕಳಿಸಿದರೆ ರೆಡ್‌ಮೈನ್ ದೂರುವುದಿಲ್ಲ, ಸುಮ್ಮನೆ ಅದನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಸ್ಥಳಾಂತರ ಮುಗಿಯುವವರೆಗೆ ವರ್ಕ್‌ಫ್ಲೋದಲ್ಲಿ ಎಲ್ಲ ಬದಲಾವಣೆಗಳಿಗೂ ಅನುಮತಿ ಕೊಟ್ಟಿರಿ.

ಅಡ್ಮಿನ್ ಕೀ ಇದ್ದವರು ಸ್ವಿಚ್-ಯೂಸರ್ ಎಂಬ ಹೆಡರ್ ಬಳಸಿ ಆಯಾ ವ್ಯಕ್ತಿಯ ಹೆಸರಿನಲ್ಲಿಯೇ ಇಶ್ಯೂ ಮತ್ತು ಕಾಮೆಂಟುಗಳನ್ನು ಹಾಕಬಹುದು. ದಿನಾಂಕಕ್ಕೆ ಅಂಥ ಉಪಾಯವಿಲ್ಲ: ಎಪಿಐ ಮೂಲಕ ಹಾಕಿದ ಎಲ್ಲಕ್ಕೂ ಹಾಕಿದ ದಿನದ್ದೇ ಮುದ್ರೆ ಬೀಳುತ್ತದೆ. ಡೇಟಾಬೇಸ್‌ನಲ್ಲಿಯೇ ನೇರವಾಗಿ ತಿದ್ದುವವರಿದ್ದಾರೆ; ನನ್ನ ಅಭಿಪ್ರಾಯದಲ್ಲಿ ಪ್ರತಿ ಕಾಮೆಂಟಿನ ಮೊದಲ ಸಾಲಿನಲ್ಲಿ ಮೂಲ ದಿನಾಂಕವನ್ನು ಬರೆಯುವುದು ನೋಡಲು ಚೆಂದವಲ್ಲದಿದ್ದರೂ ಸುರಕ್ಷಿತ. ಶೀರ್ಷಿಕೆ 255 ಅಕ್ಷರಗಳನ್ನು ಮೀರುವಂತಿಲ್ಲವಾದ್ದರಿಂದ, ಇಡೀ ಕಥೆಯನ್ನು ಕಾರ್ಡಿನ ತಲೆಯಲ್ಲೇ ಬರೆದವರ ಕಾರ್ಡುಗಳನ್ನು ಕತ್ತರಿಸಿ ಪೂರ್ಣ ಪಾಠವನ್ನು ವಿವರಣೆಗೆ ಸೇರಿಸಿ. ಕಾಮೆಂಟಿನಲ್ಲಿ ಯಾರೋ ಹ್ಯಾಶ್ ಗುರುತಿನೊಡನೆ 12 ಎಂದು ಬರೆದಿದ್ದರೆ, ರೆಡ್‌ಮೈನ್ ಅದನ್ನು ತನ್ನ 12ನೇ ಇಶ್ಯೂವಿಗೆ ಕೊಂಡಿ ಮಾಡಿಬಿಡುತ್ತದೆ; ಅವನ್ನೂ ಮೊದಲೇ ಹುಡುಕಿ ಬದಲಿಸಬೇಕು.

ಪ್ರತಿ ಕಾರ್ಡು ಏರಿದ ಕೂಡಲೇ ಅದರ ಹಳೆಯ ಐಡಿ ಮತ್ತು ಹೊಸ ಇಶ್ಯೂ ಸಂಖ್ಯೆಯನ್ನು ಒಂದು ಕಡತಕ್ಕೆ ಬರೆಯುವಂತೆ ಸ್ಕ್ರಿಪ್ಟ್ ಇರಲಿ. ನಡುವೆ ಕರೆಂಟ್ ಹೋದರೆ ನಿಂತಲ್ಲಿಂದ ಮುಂದುವರಿಸಬಹುದು, ಒಂದೇ ಕಾರ್ಡು ಎರಡು ಸಲ ಏರುವುದಿಲ್ಲ. ಎಲ್ಲವೂ ಮುಗಿದ ಮೇಲೆ, ವಿವರಣೆಗಳೊಳಗೆ ಇರುವ ಟ್ರೆಲ್ಲೊ ಕೊಂಡಿಗಳನ್ನು ಹೊಸ ಸಂಖ್ಯೆಗಳಿಗೆ ಬದಲಿಸುವ ಎರಡನೆಯ ಸುತ್ತಿಗೂ ಇದೇ ಕಡತ ಬೇಕಾಗುತ್ತದೆ.

ಒಮ್ಮೆ ಪರೀಕ್ಷಾರ್ಥ, ಒಮ್ಮೆ ನಿಜ

ಬೇರೊಂದು ರೆಡ್‌ಮೈನ್ ಪ್ರತಿಯಲ್ಲಿ ಮೊದಲು ಐವತ್ತು ಕಾರ್ಡುಗಳನ್ನು ಏರಿಸಿ ನೋಡಿ. ಸಿಕ್ಕಿದ ಐವತ್ತನ್ನಲ್ಲ, ಅತಿ ಉದ್ದದ ಶೀರ್ಷಿಕೆಯದು, ಅತಿ ಹೆಚ್ಚು ಕಾಮೆಂಟುಗಳಿರುವುದು, ಇಮೋಜಿ ತುಂಬಿದ್ದು, ಕೆಲಸ ಬಿಟ್ಟವರ ಹೆಸರಿರುವುದು, ಆರ್ಕೈವ್ ಆದ ಲಿಸ್ಟಿನೊಳಗಿನದು, ಹೀಗೆ ಹುಡುಕಿ ಆರಿಸಿದ ವಕ್ರ ಕಾರ್ಡುಗಳನ್ನು. ಅವುಗಳನ್ನು ಬರೆದವರಿಗೇ ತೋರಿಸಿ, ಏನು ಕಳೆದಿದೆ ಎಂದು ಕೇಳಿ.

ನಿಜವಾದ ದಿನ, ಶುಕ್ರವಾರ ಸಂಜೆ ಎಲ್ಲರೂ ಬರೆಯುವುದನ್ನು ನಿಲ್ಲಿಸಿದ ಮೇಲೆಯೇ ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿ, ಪರೀಕ್ಷೆಗೆ ಬಳಸಿದ ಹಳೆಯ ಕಡತದಿಂದಲ್ಲ. ಏರಿಸುವ ಮುನ್ನ ರೆಡ್‌ಮೈನ್‌ನ ಡೇಟಾಬೇಸ್ ಜೊತೆಗೆ ಅಟ್ಯಾಚ್‌ಮೆಂಟುಗಳಿರುವ ಫೈಲ್ಸ್ ಫೋಲ್ಡರನ್ನೂ ಬ್ಯಾಕಪ್ ಮಾಡಿ. ಎರಡರಲ್ಲಿ ಒಂದೇ ಇದ್ದರೆ ಅದು ಬ್ಯಾಕಪ್ ಅಲ್ಲ. ಟ್ರೆಲ್ಲೊ ಬೋರ್ಡಿನ ಹೆಸರಿನ ಮುಂದೆ ‘ಹಳೆಯದು, ಇಲ್ಲಿ ಬರೆಯಬೇಡಿ’ ಎಂದು ಸೇರಿಸಿ. ಆದರೂ ಯಾರೋ ಒಬ್ಬರು ಅಭ್ಯಾಸಬಲದಿಂದ ಬರೆದೇ ಬರೆಯುತ್ತಾರಾದ್ದರಿಂದ, ಎರಡು ವಾರ ಕಳೆದ ಮೇಲೆ ಬೋರ್ಡಿನ ಚಟುವಟಿಕೆಗಳನ್ನು ಮತ್ತೊಮ್ಮೆ ತರಿಸಿ ಆ ಶುಕ್ರವಾರದ ನಂತರದವನ್ನು ಕೈಯಿಂದಲೇ ಸೇರಿಸಿ. ಇಮೇಲ್ ಸೂಚನೆಗಳನ್ನು ಮತ್ತೆ ಚಾಲೂ ಮಾಡಿ, ಸಡಿಲಿಸಿದ್ದ ವರ್ಕ್‌ಫ್ಲೋವನ್ನು ಬಿಗಿಮಾಡಿ, ಜೇಸನ್ ಕಡತಗಳನ್ನೂ ಐಡಿ-ಸಂಖ್ಯೆಗಳ ಕಡತವನ್ನೂ ಎರಡು ಕಡೆ ಇಡಿ. ಸ್ಥಳಾಂತರಕ್ಕೆಂದು ಮಾಡಿದ್ದ ಟ್ರೆಲ್ಲೊ ಟೋಕನ್ನನ್ನು ರದ್ದುಮಾಡಿ, ರೆಡ್‌ಮೈನ್‌ನ ಅಡ್ಮಿನ್ ಕೀಯನ್ನು ಬದಲಿಸಿ. ಎರಡೂ ಸ್ಕ್ರಿಪ್ಟಿನೊಳಗೆ ಬರೆದಿದ್ದಂತೆಯೇ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಉಳಿದಿರುತ್ತವೆ.