ಹಲ್ಲಿಗೆ ಕ್ಯಾಪ್: ಯಾವುದನ್ನು, ಹೇಗೆ ಆರಿಸಿಕೊಳ್ಳಬೇಕು?

‘ಮೆಟಲ್ ಹಾಕೋಣವೇ, ಸೆರಾಮಿಕ್ ಹಾಕೋಣವೇ, ಜಿರ್ಕೋನಿಯಾ (ಒಂದು ಬಗೆಯ ಗಟ್ಟಿ ಬಿಳಿ ಸೆರಾಮಿಕ್) ಹಾಕೋಣವೇ’ ಎಂದು ದಂತವೈದ್ಯರು ಕೇಳಿದಾಗ ಹೆಚ್ಚಿನವರು ಬೆಲೆಯನ್ನೋ ಬಿಳುಪನ್ನೋ ನೋಡಿ ಉತ್ತರಿಸುತ್ತಾರೆ. ಆದರೆ ಕ್ಯಾಪ್ ಕೂರಿಸಲೆಂದು ಒಮ್ಮೆ ಸವೆಸಿ ತೆಗೆದ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ವಸ್ತು ಯಾವುದೆಂದು ನಿರ್ಧರಿಸುವ ಮೊದಲು, ಹಲ್ಲು ಯಾವುದು ಮತ್ತು ಅದರಲ್ಲಿ ಗಟ್ಟಿಯಾದ ಭಾಗ ಎಷ್ಟು ಉಳಿದಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು.

ರೂಟ್ ಕೆನಾಲ್ ಆದ ದವಡೆ ಹಲ್ಲು ಅಗಿಯುವ ಒತ್ತಡಕ್ಕೆ ಸೀಳುವ ಸಂಭವ ಇರುವುದರಿಂದ ಅದಕ್ಕೆ ಸಾಮಾನ್ಯವಾಗಿ ಕ್ಯಾಪ್ ಬೇಕಾಗುತ್ತದೆ. ಹೆಚ್ಚಿನ ಭಾಗ ಉಳಿದಿರುವ ಮುಂದಿನ ಹಲ್ಲಿಗೆ ಕೆಲವೊಮ್ಮೆ ಫಿಲ್ಲಿಂಗ್ ಸಾಕು. ಉಳಿಯ ಮರದ ಹಿಡಿ ಸೀಳದಂತೆ ಅದರ ತುದಿಗೆ ಕಬ್ಬಿಣದ ಬಳೆ ತೊಡಿಸುತ್ತಾರಲ್ಲ, ಕ್ಯಾಪ್‌ನ ಅಂಚು ಮಾಡುವ ಕೆಲಸವೂ ಅದೇ. ಆ ಹಿಡಿತ ಸಿಗಬೇಕಾದರೆ ವಸಡಿನ ಮೇಲೆ ಸುತ್ತಲೂ 1.5ರಿಂದ 2 ಮಿ.ಮೀ.ನಷ್ಟು ಗಟ್ಟಿ ಹಲ್ಲು ಉಳಿದಿರಬೇಕು. ಅಷ್ಟು ಇಲ್ಲದಿದ್ದರೆ ಎಷ್ಟು ದುಬಾರಿ ಕ್ಯಾಪ್ ಹಾಕಿದರೂ ಅದರ ಆಯುಷ್ಯದ ಬಗ್ಗೆ ಭರವಸೆ ಇಡುವುದು ಕಷ್ಟ.

ನಂತರ ಹಲ್ಲಿನ ಸ್ಥಾನ ನೋಡಿ. ಕಣ್ಣಿಗೆ ಬೀಳದ ಕೊನೆಯ ದವಡೆ ಹಲ್ಲಿಗೆ ಪೂರ್ತಿ ಲೋಹದ ಕ್ಯಾಪ್ ಇಂದಿಗೂ ಉತ್ತಮ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಅದು ತೆಳುವಾಗಿದ್ದರೂ ಗಟ್ಟಿ, ಚಕ್ಕೆ ಏಳುವುದಿಲ್ಲ, ಹಲ್ಲನ್ನೂ ಕಡಿಮೆ ಸವೆಸಿದರೆ ಸಾಕು. ಅಗ್ಗದ ಒಡವೆ ಧರಿಸಿದಾಗ ಚರ್ಮ ಕೆರೆಯುವವರು ಮಾತ್ರ ಲೋಹದಲ್ಲಿ ನಿಕ್ಕಲ್ ಇದೆಯೇ ಎಂದು ಮೊದಲೇ ಕೇಳಬೇಕು. ಲೋಹದ ಮೇಲೆ ಪಿಂಗಾಣಿ ಹಚ್ಚಿದ ಕ್ಯಾಪ್‌ಗೆ ಎರಡೂ ಪದರಗಳು ಹಿಡಿಯುವಷ್ಟು ಜಾಗ ಬೇಕು. ಪಿಂಗಾಣಿ ಚಕ್ಕೆ ಏಳಬಹುದು, ವರ್ಷಗಳು ಕಳೆದು ವಸಡು ಸರಿದರೆ ಅಂಚಿನಲ್ಲಿ ಕಪ್ಪು ಗೆರೆಯೂ ಕಾಣಬಹುದು.

ಜಿರ್ಕೋನಿಯಾ ಎಂಬ ಒಂದೇ ಹೆಸರಿನಡಿ ಹಲವು ಬಗೆಗಳಿವೆ ಎಂಬುದನ್ನು ಮರೆಯಬಾರದು. ಗಟ್ಟಿ ಬಗೆಯದು ಬಾಗಿಸಿದರೂ ಮುರಿಯದೆ ತಡೆಯುವ ಬಲ ಸುಮಾರು 1000 ಮೆಗಾಪಾಸ್ಕಲ್ (ಒತ್ತಡದ ಅಳತೆಯ ಮಾನ) ಅಥವಾ ಅದಕ್ಕೂ ಹೆಚ್ಚು, ಆದರೆ ಅದು ಸುಣ್ಣ ಬಳಿದಂತೆ ಮಂಕು ಬಿಳಿ. ಬೆಳಕು ಹಾಯುವಂತೆ ತಯಾರಿಸಿದ ಬಗೆ ಅಂದವಾಗಿದ್ದರೂ ಅಷ್ಟು ಗಟ್ಟಿಯಲ್ಲ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಈ ಆಯ್ಕೆ ಅದನ್ನೇ ಅವಲಂಬಿಸಿದೆ. ನಗುವಾಗ ಕಾಣುವ ಮುಂದಿನ ಹಲ್ಲುಗಳಿಗೆ ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನಂಥ ಸೆರಾಮಿಕ್ ಸಹಜ ಹಲ್ಲಿನಂತೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗಿನ ಹಲ್ಲು ಕಪ್ಪಾಗಿದ್ದರೆ ಅಥವಾ ಅದರಲ್ಲಿ ಲೋಹದ ಪೋಸ್ಟ್ (ಬೇರಿನೊಳಗೆ ಕೂರಿಸುವ ಕಡ್ಡಿ) ಇದ್ದರೆ ಆ ಗುಣವೇ ತೊಡಕಾಗುತ್ತದೆ, ಕಪ್ಪು ಛಾಯೆ ಹೊರಗೆ ಇಣುಕುತ್ತದೆ.

ಬಣ್ಣವನ್ನು ಚಿಕಿತ್ಸೆಯ ಆರಂಭದಲ್ಲೇ, ಸಾಧ್ಯವಾದರೆ ಹಗಲು ಬೆಳಕಿನಲ್ಲಿ ಹೊಂದಿಸಿ ನೋಡಲು ಕೇಳಿ. ಬಾಯಿ ಬಹಳ ಹೊತ್ತು ತೆರೆದೇ ಇದ್ದರೆ ಹಲ್ಲು ಒಣಗಿ, ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಅಸಲಿ ಕ್ಯಾಪ್ ತಯಾರಾಗುವವರೆಗೆ ತಾತ್ಕಾಲಿಕ ಕ್ಯಾಪ್ ಇರುವ ದಿನಗಳಲ್ಲಿ ಫ್ಲಾಸ್ ದಾರವನ್ನು ಮೇಲಕ್ಕೆ ಎಳೆಯದೆ ಪಕ್ಕದಿಂದ ಜಾರಿಸಿ ತೆಗೆಯಿರಿ.

ಕ್ಯಾಪ್ ಅಂಟಿಸುವ ಮೊದಲು ಕನ್ನಡಿ ಕೇಳಿ ನೋಡಿ, ಏಕೆಂದರೆ ಅಂಟಿಸಿದ ಮೇಲೆ ಬಣ್ಣ ಬದಲಿಸಲಾಗದು. ಹಲ್ಲು ಎಲ್ಲಿ ಹೆಚ್ಚು ತಾಗುತ್ತದೆಂದು ತೋರಿಸಲು ಕಚ್ಚಿಸುವ ಬಣ್ಣದ ಕಾಗದದ ಗುರುತು ನೋಡಿ ಜಿರ್ಕೋನಿಯಾವನ್ನು ಉಜ್ಜಿ ಸರಿಪಡಿಸಿದರೆ, ಆ ಜಾಗಕ್ಕೆ ಮತ್ತೆ ಪಾಲಿಶ್ ಆಗಲೇಬೇಕು. ಒರಟಾಗಿ ಬಿಟ್ಟರೆ ಎದುರಿನ ಹಲ್ಲು ಸವೆಯುತ್ತದೆ. ನಾಲಿಗೆ ಆಡಿಸಿದರೆ ಆ ಒರಟು ನಿಮಗೇ ತಿಳಿಯುತ್ತದೆ. ಮರಗಟ್ಟಿದ್ದು ಇಳಿದ ಮೇಲೆ ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗಿದಂತೆ ಅನ್ನಿಸಿದರೆ, ತಾನಾಗಿಯೇ ಹೊಂದಿಕೊಳ್ಳುತ್ತದೆ ಎಂದು ಕಾಯದೆ ಮರುದಿನವೇ ಹೋಗಿ ಸರಿಪಡಿಸಿಕೊಳ್ಳಿ.